ಏಳು ಫೈಲಿನಲ್ಲೂ ಇದ್ದ ಹೆಸರು

ನಮ್ಮ ಊರಿನಲ್ಲಿ ಬರೆದದ್ದನ್ನು ವರ್ಷಕ್ಕೊಮ್ಮೆಯಾದರೂ ಯಾರಾದರೂ ಬಾಯಿಬಿಟ್ಟು ಓದಬೇಕು. ಓದದಿದ್ದರೆ ಅದು ಅಳಿಸಿಹೋಗುತ್ತದೆ. ಕಾಗದ ಉಳಿಯುತ್ತದೆ, ಮಡಿಕೆ ಉಳಿಯುತ್ತದೆ, ಗುಂಡುಸೂಜಿ ಚುಚ್ಚಿದ ತೂತು ಕೂಡ ಉಳಿಯುತ್ತದೆ. ಅಕ್ಷರ ಮಾತ್ರ ಇರುವುದಿಲ್ಲ. ಹೊರಗಿನಿಂದ ಬಂದವರು ಇದನ್ನು ಕೇಳಿ ಕಣ್ಣುಬಾಯಿ ಬಿಡುತ್ತಾರೆ. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಉಪ್ಪಿನಕಾಯಿಯನ್ನು ಆಗಾಗ ಕೈಯಾಡಿಸದಿದ್ದರೆ ಬೂಷ್ಟು ಹಿಡಿಯುವುದಿಲ್ಲವೇ, ಹಾಗೆ ಇದೂ ಒಂದು.

ಆಷಾಢದಲ್ಲಿ ಮದುವೆ ಮುಂಜಿ ಇರುವುದಿಲ್ಲವಾದ್ದರಿಂದ ಊರೆಲ್ಲ ಓದಲು ಕೂರುತ್ತದೆ. ಮನೆ ಪತ್ರ, ಜಾತಕ, ಹತ್ತನೇ ತರಗತಿಯ ಅಂಕಪಟ್ಟಿ, ಡಾಕ್ಟರ ಚೀಟಿ, ಹೀಗೆ ಟ್ರಂಕಿನ ತಳದಲ್ಲಿ ಇದ್ದದ್ದೆಲ್ಲ ಹೊರಗೆ ಬರುತ್ತದೆ. ಮದುವೆಗೆ ಮುಂಚೆ ನಾನು ಬರೆದಿದ್ದ ಹನ್ನೊಂದು ಪತ್ರಗಳನ್ನು ನನ್ನ ಹೆಂಡತಿ ಮಕ್ಕಳ ಮುಂದೆಯೇ, ಮೆಣಸಿನಕಾಯಿ ತೊಟ್ಟು ಮುರಿಯುತ್ತ, ಒಂದೇ ಉಸಿರಿಗೆ ಓದಿ ಮುಗಿಸುತ್ತಾಳೆ. ಆ ಹೊತ್ತಿಗೆ ನಾನು ಹಿತ್ತಲಿಗೆ ಹೋಗಿಬಿಡುತ್ತೇನೆ. ಅಂಗಡಿಯ ಬೋರ್ಡುಗಳಿಗೆ ಚಿಂತೆಯಿಲ್ಲ, ಅಕ್ಷರ ಕಲಿಯುವ ಮಕ್ಕಳು ದಾರಿಯುದ್ದಕ್ಕೂ ಕೂಗಿ ಓದುತ್ತ ಹೋಗುತ್ತವೆ. ಬೇಡವಾದದ್ದನ್ನು ಓದದೆ ಬಿಡುವುದಕ್ಕೂ ಯಾರ ಅಡ್ಡಿಯೂ ಇಲ್ಲ. ನಮ್ಮ ಸೋದರತ್ತೆಯೊಬ್ಬಳು ಗಂಡನ ಮೇಲಿನ ಸಿಟ್ಟಿಗೆ ಲಗ್ನಪತ್ರಿಕೆ ಓದುವುದನ್ನು ಬಿಟ್ಟಳು. ವರ್ಷ ತುಂಬಲು ಐದು ದಿನ ಇದೆ ಅನ್ನುವಾಗ ಮಾವನೇ ಅದನ್ನು ಕದ್ದುಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಓದಿ ಬಂದ. ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ. ಯಾರಿಗಾದರೂ ಕಾಗದ ಕೊಡುವಾಗ ಕೊಡುವವರೇ ಅದನ್ನು ಅವರ ಎದುರು ಓದಿ ಕೊಡಬೇಕು. ವರ್ಷದ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಎದುರಿಗೆ ಓದದೆ ಕೊಟ್ಟದ್ದನ್ನು ನಮ್ಮಲ್ಲಿ ಕಾಗದ ಎಂದು ಯಾರೂ ಒಪ್ಪುವುದಿಲ್ಲ, ಅದು ಅರ್ಜಿಯಾಗಿರಲಿ, ಸರಕಾರದ ಆದೇಶವೇ ಆಗಿರಲಿ.

ನನ್ನ ಹೆಸರು ಗದಿಗೆಪ್ಪ ಹೂಗಾರ. ಊರಿನ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಮೂವತ್ತು ವರ್ಷ ತೆಗೆದಿದ್ದೇನೆ. ಅಧೀಕ್ಷಕನ ಕುರ್ಚಿಯ ಜೊತೆಗೆ ಯಾರಿಗೂ ಬೇಡವಾದ ಮಾಹಿತಿ ಅಧಿಕಾರಿಯ ಕೆಲಸವೂ ನನ್ನ ಕೊರಳಿಗೆ ಬಿದ್ದಿದೆ. ಮಾಹಿತಿ ಹಕ್ಕಿನಲ್ಲಿ ಯಾರು ಏನು ಕೇಳಿದರೂ ಮೂವತ್ತು ದಿನದೊಳಗೆ ಉತ್ತರ ಕೊಡಬೇಕಾದವನು ನಾನು.

ನಮ್ಮ ದಾಖಲೆ ಕೋಣೆಯಲ್ಲಿ ಮೊದಲು ಓದುವವರು ನಾಲ್ವರಿದ್ದರು. ವರ್ಷವಿಡೀ ಫೈಲುಗಳನ್ನು ಗಟ್ಟಿಯಾಗಿ ಓದುವುದೇ ಅವರ ಕೆಲಸ. ಮೂವರು ನಿವೃತ್ತರಾದರು, ಆ ಜಾಗಗಳನ್ನು ಯಾರೂ ತುಂಬಲಿಲ್ಲ. ಉಳಿದವಳು ಇಮಾಂಬಿ ಒಬ್ಬಳೇ. ಜೀರಿಗೆ ನೀರಿನ ತಂಬಿಗೆ ಪಕ್ಕದಲ್ಲಿಟ್ಟುಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ನಾಲ್ಕು ಜನರ ಓದನ್ನು ಒಬ್ಬಳೇ ಓದಿ ಓದಿ ಹನ್ನೆರಡು ವರ್ಷದ ಹಿಂದೆ ಆಕೆಯ ಗಂಟಲು ಬಿದ್ದುಹೋಯಿತು. ಒಂದು ತಿಂಗಳು ಸನ್ನೆಯಲ್ಲೇ ಮಾತಾಡಿದಳು. ನನಗೆ ನಿಜವಾಗಿಯೂ ಪಾಪ ಅನ್ನಿಸಿತು. ಓದು ಎಲ್ಲಿ ಕಡಿಮೆ ಮಾಡಬಹುದು ಎಂದು ಕೂತು ಯೋಚಿಸಿ ನಾನೇ ಒಂದು ಸುತ್ತೋಲೆ ಬರೆದೆ. ಬಡ್ತಿಗೆ ಆಯ್ಕೆಯಾದವರ ಕಡತಗಳನ್ನು ಮಾತ್ರ ಓದತಕ್ಕದ್ದು, ಆಯ್ಕೆಯಾಗದವರ ಅರ್ಜಿಗಳನ್ನು ಓದುವ ಅಗತ್ಯ ಇರುವುದಿಲ್ಲ. ಮುಗಿದುಹೋದ ಮಾತನ್ನು ವರ್ಷಾ ವರ್ಷಾ ಯಾಕೆ ಓದಬೇಕು ಎಂಬುದು ನನ್ನ ವಾದ. ಮೇಲಿನವರು ಬೆನ್ನು ತಟ್ಟಿದರು. ಇಮಾಂಬಿ ಮನೆಯಿಂದ ಒಂದು ಡಬ್ಬಿ ಶಾವಿಗೆ ಪಾಯಸ ತಂದುಕೊಟ್ಟಳು. ಅದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಸೇವೆಯಲ್ಲಿ ಮಾಡಿಲ್ಲವೆಂದೇ ತಿಳಿದಿದ್ದೆ.

ಮೊನ್ನೆಯ ಫೆಬ್ರುವರಿಯಲ್ಲಿ ಸಸ್ಯಶಾಸ್ತ್ರ ವಿಭಾಗದ ಡಾ. ಪಾರ್ವತೆವ್ವ ದೊಡಮನಿ ನನ್ನ ಮೇಜಿನ ಮುಂದೆ ಬಂದು ನಿಂತರು. ಕುಳ್ಳಗಿನ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿರುತ್ತಾರೆ, ಸೀರೆಯ ಅಂಚಿಗೆ ಯಾವಾಗಲೂ ವಿಭಾಗದ ತೋಟದ ಮಣ್ಣು ಹತ್ತಿರುತ್ತದೆ. ಅವರು ಓದಿಸಿದ ಹುಡುಗರು ಈಗ ಮೂರು ವಿಶ್ವವಿದ್ಯಾಲಯಗಳಲ್ಲಿ ಪ್ರೊಫೆಸರುಗಳು, ಅವರು ಮಾತ್ರ ಪ್ರೊಫೆಸರ್ ಆಗಿಲ್ಲ. ಕುರ್ಚಿ ತೋರಿಸಿದರೂ ಕೂರದೆ, ನಿಂತೇ ತಮ್ಮ ಅರ್ಜಿಯನ್ನು ನನಗೆ ಓದಿ ಹೇಳಿದರು. ಕಳೆದ ಇಪ್ಪತ್ತು ವರ್ಷದಲ್ಲಿ ಪ್ರೊಫೆಸರ್ ಹುದ್ದೆಗೆ ಬಡ್ತಿ ಪಡೆದವರೆಷ್ಟು, ಅವರಲ್ಲಿ ಹೆಂಗಸರೆಷ್ಟು, ಪರಿಶಿಷ್ಟ ಜಾತಿ ಪಂಗಡದವರೆಷ್ಟು, ಅಲ್ಪಸಂಖ್ಯಾತರೆಷ್ಟು? ಅರ್ಜಿ ಹಾಕಿಯೂ ಬಡ್ತಿ ಸಿಗದವರು ಯಾರು ಯಾರು, ಅವರಲ್ಲಿ ಇವರೆಲ್ಲ ಎಷ್ಟೆಷ್ಟು? ಯಾರಿಗೆ ಎಷ್ಟು ಅಂಕ ಕೊಡಲಾಗಿತ್ತು? ಓದಿ ಮುಗಿಸಿ ಅರ್ಜಿಯನ್ನು ನನ್ನ ಕೈಗಿಟ್ಟರು.

ಆಕೆ ಏಳು ಸಲ ಅರ್ಜಿ ಹಾಕಿದ್ದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಿವೃತ್ತಿಗೆ ಉಳಿದದ್ದು ನಲವತ್ತೆರಡು ದಿನ. ಅನ್ಯಾಯವಾಗಿದೆ ಎಂದು ದಾಖಲೆ ತೋರಿಸಿದರೆ ಹಿಂದಿನ ತಾರೀಕಿನಿಂದ ಬಡ್ತಿ ಕೊಡಲು ಅವಕಾಶವಿದೆ, ಆದರೆ ಸೇವೆಯಲ್ಲಿ ಇರುವಷ್ಟರಲ್ಲಿ ಆಗಬೇಕು. ಕೊನೆಯ ದಿನದ ಸಂಜೆ ಐದು ಹೊಡೆದ ಮೇಲೆ ಯಾರಿಗೂ ಯಾವ ಬಡ್ತಿಯೂ ಇಲ್ಲ. ತಮ್ಮ ಅರ್ಜಿಗಳ ಪ್ರತಿ ಮನೆಯಲ್ಲಿ ಇಲ್ಲವೇ ಎಂದು ಕೇಳಿದೆ. ಇತ್ತಂತೆ. ಮೊದಲೆರಡು ವರ್ಷ ಆಷಾಢದಲ್ಲಿ ಓದಿದರಂತೆ. ಓದುವಾಗ ತಾಯಿ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿ ಕೂತಿರುತ್ತಿದ್ದರು. ಎಲ್ಲ ಕೇಳಿಸಿಕೊಂಡು ಕೊನೆಗೆ, ಇಷ್ಟೆಲ್ಲ ಕಲಿತಿದ್ದೀಯಲ್ಲ, ಮತ್ತೆ ಯಾಕೆ ಕೊಡಲಿಲ್ಲ ಎಂದು ಕೇಳುತ್ತಿದ್ದರು.

"ಆ ಮಾತಿಗೆ ಏನಂತ ಹೇಳಬೇಕ್ರಿ ಸರ್? ಮೂರನೇ ವರ್ಷ ನಾ ಪೆಟಗಿ ತಗೀಲೇ ಇಲ್ಲ" ಎಂದರು.

ಮೊದಲ ಪ್ರಶ್ನೆಗೆ ಉತ್ತರ ಅರ್ಧ ದಿನದ ಕೆಲಸವಾಯಿತು. ಬಡ್ತಿ ಪಡೆದವರು ನಲವತ್ತೊಂದು. ಹೆಂಗಸರು ಮೂವರು. ಪರಿಶಿಷ್ಟರು ಎರಡೂ ಸೇರಿ ಇಬ್ಬರು, ಅಲ್ಪಸಂಖ್ಯಾತರು ಒಬ್ಬರು. ಇದನ್ನು ಬರೆಯುವಾಗಲೇ ನನಗೆ ಒಂಥರಾ ಆಯಿತು. ಎರಡನೆಯ ಪ್ರಶ್ನೆಗೆ ಒಳಗಿನ ಕಪಾಟು ತೆಗೆದೆ. ಸಾಲಾಗಿ ಫೈಲುಗಳಿದ್ದವು, ದಾರ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಒಳಗೆಲ್ಲ ಬಿಳಿ ಹಾಳೆ. ನನ್ನ ಸುತ್ತೋಲೆಯನ್ನು ಹನ್ನೆರಡು ವರ್ಷ ಯಾರೂ ಮೀರಿರಲಿಲ್ಲ. ಇಷ್ಟು ನಿಷ್ಠೆಯಿಂದ ಪಾಲಿಸಿದ ಇನ್ನೊಂದು ಸುತ್ತೋಲೆಯನ್ನು ನಾನು ಈ ಕಚೇರಿಯಲ್ಲಿ ಕಂಡಿಲ್ಲ.

ಕುಲಸಚಿವ ಹಿರೇಗೌಡರ ಹತ್ತಿರ ಹೋದೆ. ಹಿರೇಗೌಡರೂ ಸಸ್ಯಶಾಸ್ತ್ರದವರೇ, ಅಲ್ಲಿ ಪ್ರೊಫೆಸರ್ ಆಗಿ ಹನ್ನೊಂದು ವರ್ಷವಾಗಿತ್ತು. ಕೆಟ್ಟವರಲ್ಲ. ನನ್ನ ಮಗಳ ಬಾಣಂತನದ ಸಮಯದಲ್ಲಿ ಕೇಳದೆಯೇ ಹದಿನೈದು ದಿನ ರಜೆ ಕೊಟ್ಟಿದ್ದರು. ಖಾಲಿ ಫೈಲುಗಳ ವಿಷಯ ಕೇಳಿ ಅವರು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. ಆಮೇಲೆ ಮುಖ ಅರಳಿತು. ದಾಖಲೆಯಲ್ಲಿ ಇದ್ದದ್ದನ್ನು ಕೊಡುವುದಷ್ಟೇ ನಮ್ಮ ಕೆಲಸ, ದಾಖಲೆಯ ಪ್ರಕಾರ ಬಡ್ತಿ ಸಿಗದ ಅರ್ಜಿ ಒಂದೂ ಇಲ್ಲ ಎಂದರು.

"ಅಂದ್ರ ಅರ್ಜಿ ಹಾಕಿದವರಿಗೆಲ್ಲ ನಾವು ಬಡ್ತಿ ಕೊಟ್ಟೇವಿ ಅಂತಾತು. ಹಂಗ ಬರದ ಬಿಡ್ರಿ ಹೂಗಾರ."

ನಾನು ಬರೆದೆ. ಅರ್ಜಿ ಸಲ್ಲಿಸಿದವರು ನಲವತ್ತೊಂದು, ಬಡ್ತಿ ಪಡೆದವರು ನಲವತ್ತೊಂದು, ಬಾಕಿ ಇಲ್ಲ. ಸುಳ್ಳು ಎನ್ನುವಂತಿರಲಿಲ್ಲ, ನಿಜ ಎನ್ನಲು ಬಾಯಿ ಬರುತ್ತಿರಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗಲೂ ಆಗಿತ್ತು. ಅದನ್ನು ಎದುರು ಕೂತು ಓದಬೇಕಲ್ಲ ಎಂದು ನಾಳೆ ನಾಡಿದ್ದು ಎನ್ನುತ್ತ ಎರಡು ವಾರ ದಬ್ಬಿದೆ.

ಅಷ್ಟರಲ್ಲಿ ದೊಡಮನಿಯವರೇ ಇನ್ನೊಂದು ಚೀಟಿ ಓದಿ ಕೊಟ್ಟರು. ದಾಖಲೆಗಳನ್ನು ಕಣ್ಣಾರೆ ನೋಡುವ ಹಕ್ಕು ಕಾನೂನಿನಲ್ಲಿದೆ, ತೋರಿಸಿ ಎಂದು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ದಾಖಲೆ ಕೋಣೆಗೆ ಕರೆದುಕೊಂಡು ಹೋಗಿ ಇಟ್ಟ ಜಾಗದ ನೆನಪಿನ ಮೇಲೆ ಅವರ ಏಳು ಫೈಲುಗಳನ್ನು ಹುಡುಕಿ ಮೇಜಿನ ಮೇಲಿಟ್ಟೆ. ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಒಂದೊಂದು ಫೈಲಿನ ದಾರ ಬಿಚ್ಚಿ, ಒಂದೊಂದು ಬಿಳಿ ಹಾಳೆಯನ್ನೂ ಓದುವವರ ಹಾಗೆ ಮೇಲಿಂದ ಕೆಳಕ್ಕೆ ನೋಡಿ, ಮಗುಚಿ, ಮತ್ತೆ ದಾರ ಕಟ್ಟಿದರು. ಏಳನೆಯದನ್ನು ಕಟ್ಟುವಾಗ ಗಂಟು ಬೀಳಲಿಲ್ಲ, ಮತ್ತೆ ಬಿಚ್ಚಿ ಕಟ್ಟಿದರು. ಸುತ್ತೋಲೆ ಬರೆದವನು ನಾನೇ ಎಂದು ಹೇಳಿಬಿಟ್ಟೆ. ಅವರು ತಲೆಯೆತ್ತಿ ನನ್ನನ್ನು ನೋಡಿ, ಫೈಲುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮೂಲೆಯಲ್ಲಿ ಓದುತ್ತಿದ್ದ ಇಮಾಂಬಿ ಯಾಕೋ ಓದು ನಿಲ್ಲಿಸಿ ಎದ್ದು ಬಂದಳು. ಬಂದವಳು ದೊಡಮನಿಯವರ ಮುಖವನ್ನು ಹತ್ತಿರದಿಂದ ನೋಡಿ, ನೀವು ಯಾರು ಎಂದು ಕೇಳಿದಳು. ಅವರು ಹೆಸರು ಹೇಳಿದರು. ಇಮಾಂಬಿ ಸೆರಗು ಸರಿಮಾಡಿಕೊಂಡಳು.

"ಪಾರ್ವತೆವ್ವ ದೊಡಮನಿ ಅಂದ್ರ ನೀವ ಏನ್ರಿ ಅಕ್ಕಾರ? ವರ್ಷಾ ನಿಮ್ಮ ಹೆಸರ ಓದತೀನ್ರಿ ನಾ. ಒಂದ ಫೈಲನ್ಯಾಗ ಅಲ್ಲ, ಏಳು ಫೈಲನ್ಯಾಗ ಐತಿ. ಇಷ್ಟ ಕಡೆ ಹೆಸರ ಬರಬೇಕಂದ್ರ ಯಾರೋ ಬಾಳ ದೊಡ್ಡ ಹೆಣಮಗಳು ಇರಬೇಕು ಅಂತ ತಿಳದಿದ್ದೆ. ಒಮ್ಮೆ ನೋಡಬೇಕಂತ ಬಾಳ ದಿನದ ಆಸೆ ಇತ್ತು ನೋಡ್ರಿ."

ನಮ್ಮಿಬ್ಬರಿಗೂ ಅರ್ಥವಾಗಲಿಲ್ಲ. ಯಾವ ಫೈಲು ಎಂದು ಕೇಳಿದೆ. ಇಮಾಂಬಿ ಹೋಗಿ ಓದುವ ಕಪಾಟಿನಿಂದ, ಅಂದರೆ ಆಯ್ಕೆಯಾದವರ ಕಪಾಟಿನಿಂದ, ಒಂದು ದಪ್ಪ ಫೈಲು ತಂದಳು. ಮೇಲೆ ಹಿರೇಗೌಡರ ಹೆಸರಿತ್ತು. ಆಕೆಗೆ ಅದು ಬಾಯಿಪಾಠ, ಪುಟ ತೆಗೆದದ್ದು ನಮಗೆ ತೋರಿಸಲಿಕ್ಕೆ ಮಾತ್ರ. ಪ್ರತಿ ಬಡ್ತಿಯ ಫೈಲಿನ ಒಳಗೂ ತುಲನಾ ತಖ್ತೆ ಎಂಬ ಒಂದು ಹಾಳೆ ಇರುತ್ತದೆ. ಇವರನ್ನೇ ಯಾಕೆ ಆರಿಸಿದೆವು ಎಂದು ಸಮಿತಿ ತೋರಿಸಬೇಕಲ್ಲ, ಅದಕ್ಕೆ ಯಾರನ್ನು ಬಿಟ್ಟೆವು ಎಂಬುದನ್ನೂ ಅಂಕದ ಸಮೇತ ಪಕ್ಕದಲ್ಲೇ ಬರೆದಿರುತ್ತಾರೆ. ಗೆದ್ದವರನ್ನು ಹೊಗಳುವ ಭರದಲ್ಲಿ ಸೋತವರ ವಿವರವನ್ನೆಲ್ಲ ಗೆದ್ದವರ ಫೈಲಿನ ಹೊಟ್ಟೆಯೊಳಗೇ ಇಟ್ಟು, ನಾವೇ ವರ್ಷಾ ವರ್ಷಾ ಓದಿಸಿ, ಜೋಪಾನ ಮಾಡಿಕೊಂಡು ಬಂದಿದ್ದೆವು. ಓದಿದವಳಿಗೆ ಅದರ ಅರ್ಥ ಯಾರೂ ಹೇಳಿರಲಿಲ್ಲ. ಅರ್ಥ ಗೊತ್ತಿದ್ದ ನಾವು ಯಾರೂ ಒಂದು ದಿನವೂ ಕೂತು ಕೇಳಿರಲಿಲ್ಲ.

ದೊಡಮನಿಯವರು ಅಲ್ಲಿದ್ದ ಸ್ಟೂಲು ಎಳೆದುಕೊಂಡು ಕೂತರು. "ಓದವ್ವ, ಕೇಳತೀನಿ" ಎಂದರು.

ಇಮಾಂಬಿ ತನ್ನ ಎಂದಿನ ರಾಗದಲ್ಲಿ ಓದಿದಳು. ಡಾ. ಬ. ಹಿರೇಗೌಡರ, ಒಟ್ಟು ಅಂಕ ಐವತ್ತೆಂಟು. ಡಾ. ಪಾ. ದೊಡಮನಿ, ಒಟ್ಟು ಅಂಕ ಎಪ್ಪತ್ತೊಂದು. ಶ್ರೀಮತಿ ದೊಡಮನಿ ಅವರ ಅಂಕಗಳು ಹೆಚ್ಚಿದ್ದರೂ ಅವರು ವಿಭಾಗದ ವಾತಾವರಣಕ್ಕೆ ಹೊಂದಿಕೊಳ್ಳಲಾರರೆಂದು ಸಮಿತಿ ಅಭಿಪ್ರಾಯಪಟ್ಟು ಪರಿಗಣಿಸಿರುವುದಿಲ್ಲ. ಹೀಗೆ ಏಳು ಫೈಲು, ಏಳು ಬೇರೆ ಬೇರೆ ಕಾರಣ. ಒಂದರಲ್ಲಿ ಮನೆಯ ಜವಾಬ್ದಾರಿ ಹೆಚ್ಚು ಅಂತ, ಇನ್ನೊಂದರಲ್ಲಿ ಮುಂದೆ ಅವಕಾಶ ಇದ್ದೇ ಇದೆ ಅಂತ. ಆ ಮುಂದೆ ಅನ್ನುವುದಕ್ಕೆ ಹದಿನಾರು ವರ್ಷವಾಗಿತ್ತು. ದೊಡಮನಿಯವರು ಅಳಲಿಲ್ಲ. ನಡುನಡುವೆ ನಕ್ಕರು ಕೂಡ. ಕೊನೆಯ ಫೈಲು ಮುಚ್ಚಿದ ಮೇಲೆ ಮಾತ್ರ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಒರೆಸಿ ಇಟ್ಟುಕೊಂಡರು. ತಾಯಿ ತೀರಿಹೋಗಿ ನಾಲ್ಕು ವರ್ಷವಾಯಿತು, ಇದ್ದಿದ್ದರೆ ಆ ಪ್ರಶ್ನೆಗೆ ಉತ್ತರ ಹೇಳಬಹುದಿತ್ತು ಎಂದರು.

ನಾನು ನನ್ನ ಕೋಣೆಗೆ ಬಂದು ಮೊದಲು ಬರೆದಿದ್ದ ಉತ್ತರವನ್ನು ಹರಿದು ಹಾಕಿದೆ. ನಲವತ್ತೊಂದು ಫೈಲುಗಳ ತಖ್ತೆಗಳನ್ನೂ ನಾನೇ ಕೂತು ನಕಲು ಮಾಡಿದೆ. ಬಡ್ತಿ ಸಿಗದವರು ಇಪ್ಪತ್ತೊಂಬತ್ತು ಮಂದಿ, ಕೆಲವರು ಮೂರು ಸಲ, ಕೆಲವರು ಐದು ಸಲ. ಅವರಲ್ಲಿ ಹೆಂಗಸರು ಹದಿನಾರು, ಪರಿಶಿಷ್ಟರು ಹದಿನಾಲ್ಕು, ಅಲ್ಪಸಂಖ್ಯಾತರು ಐದು. ಆ ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತೆರಡು ಮಂದಿಗೆ ಆಯ್ಕೆಯಾದವರಿಗಿಂತ ಅಂಕ ಹೆಚ್ಚಿತ್ತು. ಹಿರೇಗೌಡರು ಕರೆಸಿ ಇದೇನು ಎಂದು ಕೇಳಿದರು. ಮಾಹಿತಿ ಅಧಿಕಾರಿಯ ಸಹಿ ನನ್ನದು ಸರ್ ಎಂದೆ. ಹಾಸ್ಟೆಲ್ ವಿಭಾಗಕ್ಕೆ ಹಾಕುತ್ತೇನೆ ಎಂದರು. ಅಲ್ಲಿ ಊಟವಾದರೂ ಬಿಸಿಯಾಗಿ ಸಿಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಹೊರಗೆ ಬಂದೆ.

ಇಪ್ಪತ್ತೊಂಬತ್ತನೆಯ ದಿನ ಉತ್ತರ ಓದಿಕೊಡಬೇಕಿತ್ತು. ದೊಡಮನಿಯವರೊಬ್ಬರೇ ಬರುತ್ತಾರೆಂದಿದ್ದೆ. ಸುದ್ದಿ ಹೇಗೆ ಹೋಯಿತೋ, ಹೆಚ್ಚಾಗಿ ಇಮಾಂಬಿಯ ಗಂಟಲಿನಿಂದಲೇ ಹೋಗಿರಬೇಕು, ಆ ಪಟ್ಟಿಯಲ್ಲಿದ್ದ ಹತ್ತೊಂಬತ್ತು ಮಂದಿ ಬಂದು ಕೂತಿದ್ದರು. ಕೋಣೆ ಸಾಲದೆ ವರಾಂಡಕ್ಕೆ ಬಂದೆವು. ಮೊದಲು ನನ್ನ ಸುತ್ತೋಲೆಯನ್ನೇ ಓದಿದೆ, ಕೆಳಗಿನ ನನ್ನ ಹೆಸರನ್ನೂ ಸೇರಿಸಿ. ಆಮೇಲೆ ತಖ್ತೆಗಳು. ಒಬ್ಬೊಬ್ಬರ ಹೆಸರು ಬಂದಾಗ ಅವರು ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ಇತಿಹಾಸ ವಿಭಾಗದ ಖೈರುನ್ನಿಸಾ ಬಾಗವಾನ ತಮ್ಮ ಅಂಕ ಎಪ್ಪತ್ತಾರು ಎಂಬುದನ್ನು ಎರಡು ಸಲ ಓದಿಸಿಕೊಂಡರು, ಇಷ್ಟು ವರ್ಷ ತಾವು ನಪಾಸು ಎಂದೇ ತಿಳಿದಿದ್ದರಂತೆ.

ಹಿರೇಗೌಡರ ತಖ್ತೆಗೆ ಬರುವಾಗ ಅವರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ನನ್ನ ದನಿ ಇಳಿಯಿತು. ಆದರೂ ಓದಿದೆ. ಐವತ್ತೆಂಟು, ಎಪ್ಪತ್ತೊಂದು, ವಿಭಾಗದ ವಾತಾವರಣ. ತಮಗೆ ಬಡ್ತಿ ಬಂದಾಗ ಅವರು ಪೇಢೆ ಹಂಚಿದ್ದರು, ಆದೇಶ ಓದಿಸಿಕೊಂಡಿದ್ದರು, ಒಳಗಿನ ಹಾಳೆಯನ್ನು ಯಾವತ್ತೂ ಕೇಳಿರಲಿಲ್ಲ. ಅವರ ಮುಖ ಸಣ್ಣದಾಗಿಹೋಯಿತು. ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು, ಆ ತಖ್ತೆಯನ್ನು ಇನ್ನೊಮ್ಮೆ ಓದಿ ಎಂದರು. ಓದಿದೆ. ಪಾರ್ವತೆವ್ವನ ಜೊತೆ ಇಷ್ಟು ವರ್ಷ ಒಂದೇ ಕೆಟಲಿನ ಚಹಾ ಕುಡಿದಿದ್ದೇನೆ ಎಂದರು. ಹಾಸ್ಟೆಲ್ ಮಾತು ಮತ್ತೆ ಎತ್ತಲಿಲ್ಲ. ಮರುದಿನದಿಂದ ಆ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಡ್ತಿಗೆ ಒಪ್ಪಿಗೆ ಕೊಡಬೇಕಾದ ಸಿಂಡಿಕೇಟಿನ ಒಬ್ಬೊಬ್ಬ ಸದಸ್ಯರ ಮನೆಗೂ ಹೋಗಿ, ಮುಂದೆ ಕೂತು, ತಮ್ಮದೇ ಐವತ್ತೆಂಟನ್ನು ತಾವೇ ಓದಿ ಬಂದರು. ಅವತ್ತಿನಿಂದ ಅವರ ಮೇಲೆ ನನಗಿದ್ದ ಪ್ರೀತಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಆದರೂ ಸಿಂಡಿಕೇಟು ಸೇರಿದ್ದು ದೊಡಮನಿಯವರ ಸೇವೆಯ ಕೊನೆಯ ದಿನ. ಬೆಳಿಗ್ಗೆ ಕೂತವರು ಮಧ್ಯಾಹ್ನದ ಊಟ ದಾಟಿಸಿ ಮೂರೂವರೆಗೆ ಒಪ್ಪಿದರು. ಇವರದು ಇವತ್ತೇ ಆಗಲಿ, ಉಳಿದ ಇಪ್ಪತ್ತೆಂಟು ಮಂದಿಯದು ಮುಂದೆ ನೋಡೋಣ ಎಂದರು. ಆದೇಶ ಟೈಪಾಗಿ ಸಹಿಯಾಗುವಾಗ ನಾಲ್ಕೂವರೆ. ಐದರೊಳಗೆ ಅವರ ಎದುರು ಓದಬೇಕು, ಇಲ್ಲದಿದ್ದರೆ ಅದು ಕಾಗದವೇ ಅಲ್ಲ. ಈ ವಯಸ್ಸಿನಲ್ಲಿ ನಾನು ಓಡಿದ್ದು ಅವತ್ತೇ. ಹಿಂದೆ ಇಮಾಂಬಿ ಏದುಸಿರು ಬಿಡುತ್ತ ಬಂದಳು.

ಅವರು ವಿಭಾಗದ ಕೋಣೆಯಲ್ಲಿರಲಿಲ್ಲ. ಎರಡನೇ ವರ್ಷದವರಿಗೆ ಪಾಠ ಮಾಡುತ್ತಿದ್ದರು. ಸಂಜೆಯಾದರೆ ಹುಣಸೆಯ ಎಲೆ ಯಾಕೆ ಮಡಚಿಕೊಳ್ಳುತ್ತದೆ ಎಂಬ ಪಾಠ. ಬೋರ್ಡಿನ ಮೇಲೆ ಎಲೆಯ ಬುಡದ ಚಿತ್ರ ಬಿಡಿಸಿದ್ದರು. ನಾನು ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಆದೇಶ ತೋರಿಸಿದೆ. ಅದೇನೆಂದು ಅವರಿಗೆ ಗೊತ್ತಾಯಿತು. ಒಂದು ಕ್ಷಣ ಬಳಪ ನಿಂತಿತು.

"ಕೂಡ್ರಿ ಹೂಗಾರ ಸರ್. ಪಾಠ ಮುಗೀಲಿ" ಎಂದರು.

ನಾನು ಮತ್ತು ಇಮಾಂಬಿ ಕೊನೆಯ ಬೆಂಚಿನಲ್ಲಿ ಕೂತೆವು. ಅಷ್ಟು ಕೆಟ್ಟ ಇಪ್ಪತ್ತು ನಿಮಿಷವನ್ನು ನಾನು ಕಳೆದಿಲ್ಲ. ಗಡಿಯಾರ ನೋಡುತ್ತೇನೆ, ಅವರನ್ನು ನೋಡುತ್ತೇನೆ. ಅವರು ಎಲೆಯ ಬುಡದಲ್ಲಿ ನೀರು ಹೇಗೆ ತುಂಬುತ್ತದೆ, ಹೇಗೆ ಇಳಿಯುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದಾರೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಸಂದೇಹ ಕೇಳಿದಳು. ಅದಕ್ಕೂ ನಿಧಾನವಾಗಿ ಉತ್ತರ ಹೇಳಿದರು. ಆ ಹುಡುಗಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಮಾಂಬಿ ಮಾತ್ರ ಕೆನ್ನೆಗೆ ಕೈಯಿಟ್ಟು ಪಾಠ ಕೇಳುತ್ತಿದ್ದಳು. ನಾಲ್ಕು ಐವತ್ತಾರಕ್ಕೆ ಅವರು ಬೋರ್ಡು ಒರೆಸಿ, ಕೈ ಝಾಡಿಸಿ, ಈಗ ಓದಿ ಎಂದರು.

ಎದ್ದು ಓದಿದೆ. ಹನ್ನೊಂದು ವರ್ಷದ ಹಿಂದಿನ ತಾರೀಕಿನಿಂದ ಪ್ರಾಧ್ಯಾಪಕಿಯಾಗಿ ಬಡ್ತಿ ನೀಡಿ ಆದೇಶಿಸಿದೆ ಎಂಬ ಸಾಲಿಗೆ ದನಿ ಏರಿಸಿದೆ. ಇಮಾಂಬಿ ಆ ಸಾಲನ್ನು ಬಾಯೊಳಗೆ ಇನ್ನೊಮ್ಮೆ ಅಂದುಕೊಂಡಳು. ಹುಡುಗರು ಚಪ್ಪಾಳೆ ತಟ್ಟಿದರು. ದೊಡಮನಿಯವರು ಆದೇಶ ಇಸಿದುಕೊಂಡು, ಮಡಚಿ, ಬ್ಯಾಗಿಗೆ ಹಾಕಿದರು. ನಂತರ, ಉಳಿದವರದು ಏನಾಯಿತು ಎಂದು ಕೇಳಿದರು. ಮುಂದೆ ನೋಡುತ್ತಾರಂತೆ ಎಂದೆ. ಆ ಮುಂದೆ ಎಂಬ ಮಾತು ನನ್ನ ಬಾಯಿಂದ ಬಂದದ್ದೇ ತಪ್ಪಾಯಿತು.

ಅವರು ಒಬ್ಬ ವಿದ್ಯಾರ್ಥಿನಿಯ ನೋಟುಬುಕ್ಕಿನಿಂದ ಒಂದು ಹಾಳೆ ಕೇಳಿ ಇಸಿದುಕೊಂಡು, ನಿಂತಲ್ಲೇ ಮೇಜಿನ ಮೇಲೆ ಬಾಗಿ ಬರೆಯತೊಡಗಿದರು. ಎರಡೇ ಸಾಲು. ಬರೆದು, ಸಹಿ ಮಾಡಿ, ಕನ್ನಡಕ ಏರಿಸಿಕೊಂಡು ನನ್ನೆದುರು ಓದಿದರು. ಮಾಹಿತಿ ಹಕ್ಕಿನ ಅಡಿಯಲ್ಲಿ ಕೋರುವುದೇನೆಂದರೆ, ಉಳಿದ ಇಪ್ಪತ್ತೆಂಟು ಮಂದಿಯ ಬಗ್ಗೆ ಈ ವಿಶ್ವವಿದ್ಯಾಲಯ ಯಾವ ಕ್ರಮ ಕೈಗೊಂಡಿದೆ, ಹೆಸರುವಾರು ತಿಳಿಸುವುದು. ಕೆಳಗೆ, ಡಾ. ಪಾರ್ವತೆವ್ವ ದೊಡಮನಿ, ಪ್ರಾಧ್ಯಾಪಕಿ, ಸಸ್ಯಶಾಸ್ತ್ರ ವಿಭಾಗ. ಪ್ರಾಧ್ಯಾಪಕಿ ಎಂಬುದನ್ನು ಸ್ವಲ್ಪ ನಿಧಾನವಾಗಿ ಓದಿದರು, ಅಷ್ಟೇ.

"ಸ್ವೀಕೃತಿ ಬರದ ಕೊಡ್ರಿ. ಹೊತ್ತೂ ಹಾಕ್ರಿ" ಎಂದರು.

ಸ್ವೀಕರಿಸಿದೆ, ನಾಲ್ಕು ಗಂಟೆ ಐವತ್ತೊಂಬತ್ತು ನಿಮಿಷ ಎಂದು ಬರೆದು, ಓದಿ, ಸಹಿ ಹಾಕಿ ಕೊಟ್ಟೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು, ಇಮಾಂಬಿಯ ಕೈ ಹಿಡಿದುಕೊಂಡು, ಗಂಟೆ ಹೊಡೆಯುವಾಗ ಹೊರಗೆ ನಡೆದರು. ನಾನು ಆ ಹಾಳೆ ಹಿಡಿದುಕೊಂಡು ಖಾಲಿ ಕ್ಲಾಸಿನಲ್ಲಿ ನಿಂತಿದ್ದೆ. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆಕೆ ಕಾಗದದ ಮೇಲೆ ಪ್ರಾಧ್ಯಾಪಕಿಯಾಗಿದ್ದದ್ದು ಹನ್ನೊಂದು ವರ್ಷ, ನಿಜದಲ್ಲಿ ಮೂರು ನಿಮಿಷ. ಆ ಮೂರು ನಿಮಿಷದಲ್ಲೇ ನನಗೆ ಒಂದು ತಿಂಗಳ ಕೆಲಸ ಹಚ್ಚಿ ಹೋದರು.